ಮೂರನೆಯ ಪೊಟ್ಟಣ

ಅಕಿತಾದಲ್ಲಿ ಜನವರಿ ಎಂದರೆ
ರಸ್ತೆ ಎಲ್ಲಿ ಮುಗಿಯಿತು, ಗದ್ದೆ ಎಲ್ಲಿ ಶುರುವಾಯಿತು
ಎಂಬುದನ್ನು ಕೆಂಪು ಬಿಳಿ ಕಂಬಗಳೇ ಹೇಳಬೇಕು.
ಮೂವತ್ತೊಂದು ಚಳಿಗಾಲ, ರಾತ್ರಿ ಎರಡಕ್ಕೆ ಎದ್ದು
ಆ ಕಂಬಗಳ ನಡುವೆ ಹಿಮ ಗೋರುವ ಗಾಡಿ ಓಡಿಸಿದ
ಹತಕೆಯಾಮ ಟೊಕುಜಿ
ಈಗ ನನ್ನ ಯಂತ್ರದ ಕೊಳವೆಯಲ್ಲಿ.
ಹೊರಗೆ ಎರಡು ಪಾದ ಮಾತ್ರ, ಉಣ್ಣೆ ಸಾಕ್ಸಿನವು,
ಒಂದಕ್ಕೆ ತೇಪೆ.

ಬೆಲ್ಟು? ತೆಗೆದಿದ್ದಾರೆ. ಹಲ್ಲಿನ ಸೆಟ್ಟು? ಅದೂ.
ಹೋದ ಮಾತು ಪೂರ್ತಿ ಬಂದಿಲ್ಲ.
ಮೊದಲು ಬಂದದ್ದು ಬೈಗುಳವಂತೆ,
ಸೆತ್ಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು,
ಆಮೇಲೆ ಅಂಕಿಗಳು, ಆಮೇಲೆ ಸತ್ತ ನಾಯಿಯ ಹೆಸರು,
"ನಂದು ನಾಲ್ಕನೆಯದು."

ಇಲ್ಲಿ ನಾವು ಅಳೆಯುವುದು ನೀರನ್ನು.
ತಲೆಯೊಳಗೆ ಅದು ಎತ್ತ ಜಿನುಗುತ್ತದೆ,
ಎಲ್ಲಿ ಕಾಲುವೆ ಸಿಕ್ಕಿ ನೆಟ್ಟಗೆ ಹೋಗುತ್ತದೆ,
ಎಲ್ಲಿ ಬದು ಒಡೆದು ಸುಮ್ಮನೆ ಹರಡಿಕೊಳ್ಳುತ್ತದೆ.
ಮೂಲಂಗಿಗೆ, ಮೀನಿಗೆ, ಕಾಡಿನ ಅಣಬೆಗೆ
ಅರ್ಧ ವರ್ಷಕ್ಕಾಗುವಷ್ಟು ಉಪ್ಪು ಬಡಿದಿಟ್ಟು ಬದುಕಿದ ಸೀಮೆ ನಮ್ಮದು.
ತಿಂದಿದ್ದೇವೆ,
ಈಗ ನೀರು ಕುಡಿಯುತ್ತಿದ್ದೇವೆ.

ಎಡಕ್ಕೆ, ಗೋಲಿಯಷ್ಟು ಕಪ್ಪು. ಅದು ಹೋಯಿತು.
"ಬಲಗೈ ಮಡಿಸಿ. ಬಿಡಿ. ಮಡಿಸಿ" ಎಂದು
ಕಣ್ಣೆದುರಿನ ಪುಟ್ಟ ಕನ್ನಡಿಯಲ್ಲಿ ಅಕ್ಷರ ಮೂಡುತ್ತದೆ.
ಹೋದ ವರ್ಷ ಒಂದು ಬೆರಳು ಅಲುಗಿಸಲು
ಬೆಂಕಿ ಬಿದ್ದ ರಾತ್ರಿಯ ಹಾಗೆ ಊರಿಗೆ ಊರೇ ಎದ್ದಿತ್ತು,
ಎಡ ಬಲ ಎನ್ನದೆ, ಸಂಬಂಧವಿಲ್ಲದವರೂ ಕೊಡ ಹಿಡಿದು.
ಈ ಸಲ ನಾಲ್ಕೈದು ಮನೆಗಳಲ್ಲಿ ಮಾತ್ರ ದೀಪ.
(ಆ ಬಣ್ಣ ತಲೆಯದ್ದಲ್ಲ. ಲೆಕ್ಕದ್ದು, ನಾವು ಬಳಿದದ್ದು.
ಆದರೂ ನೋಡಿ ಖುಷಿಯಾಯಿತು.)

ಹೋಲಿಸಿ ನೋಡಲು ಆರೋಗ್ಯವಂತರೂ ಬೇಕು.
"ಅವರ ಜೊತೆ ಹೇಗೂ ಬಂದಿರುತ್ತೇನಲ್ಲ" ಎಂದು
ಸಹಿ ಹಾಕಿದ್ದರು ಸೆತ್ಸು.
ಮಲಗಿದರು. ಒಂಬತ್ತು ನಿಮಿಷ
ದೇವರ ಮುಂದೆ ಕೂತಷ್ಟು ನಿಶ್ಚಲ.
ಪರದೆಯ ಮೇಲೆ ಒಂದೊಂದೇ ಪದರ ಇಳಿಯುತ್ತಿತ್ತು.
ಕಿವಿಯ ಒಳಗೆ, ಇನ್ನೂ ಒಳಗೆ, ಎರಡೂ ಬದಿಗೆ
ಸೀಗಡಿಯ ಬಾಗಿನ ಒಂದು ಜಾಗವಿದೆ
ನಿನ್ನೆಯನ್ನು ಇವತ್ತಿಗೆ ದಾಟಿಸುವುದು ಅದೇ.

ಒಣ ಸೀಗಡಿ.

ಮತ್ತೊಮ್ಮೆ ನೋಡಿದೆ.
ನಾನು ವೈದ್ಯಳಲ್ಲ. ಕಂಡದ್ದನ್ನು ಆಡುವಂತಿಲ್ಲ.
ಏಳನೆಯ ನಮೂನೆ ತುಂಬಿ ಮೇಲಕ್ಕೆ ಕಳಿಸಬೇಕು,
ಅವರು ಕರೆಸಿ, ಕೂರಿಸಿ, ಟೀ ಕೊಟ್ಟು ಹೇಳುತ್ತಾರೆ.
ಮೈಕಿನ ಗುಂಡಿ ಒತ್ತಿ ಅಂದೆ,
"ಆಯಿತು. ಒಂದಿಷ್ಟೂ ಅಲುಗಲಿಲ್ಲ ನೀವು."
ಸುಳ್ಳೇನೂ ಅಲ್ಲ.

ಕೋಟು ಹಾಕಿಕೊಂಡು ಬಂದು
ಚೀಲದಿಂದ ಪೊಟ್ಟಣ ತೆಗೆದರು ಸೆತ್ಸು,
ಹೊಗೆಗೆ ಕಟ್ಟಿ ಉಪ್ಪಿಗಿಟ್ಟ ಮೂಲಂಗಿ.
"ಮನೆಯಲ್ಲಿ ಮಾಡಿದ್ದು. ಈ ಸಲ ಉಪ್ಪು ಕೊಂಚ ಮುಂದು."
ಬೆಳಿಗ್ಗೆ ಬಂದಾಗ ಒಂದು ಕೊಟ್ಟಿದ್ದರು.
ಗಂಡನನ್ನು ಒಳಗೆ ಕಳಿಸಿ ಇನ್ನೊಂದು,
ಇದೇ ಮಾತು, ಇದೇ ನಗು.

ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿ
ಎತ್ತಿದಾಗ ಕಂಡೆ:
ಆಕೆಯ ಬೆನ್ನ ಹಿಂದೆ, ಬಾಗಿಲ ಬಳಿ,
ಟೊಕುಜಿ ಬಲಗೈ ಎತ್ತುತ್ತಿದ್ದಾರೆ.
ಹೆಬ್ಬೆರಳು ಮಡಿಯಿತು. ಕಿರುಬೆರಳು
ನಡುಗಿ, ನಿಂತು, ಕೊನೆಗೆ ಮಡಿಯಿತು.
ಉಳಿದ ಮೂರನ್ನು ನನಗೆ ತೋರಿಸಿದರು.
ಆಮೇಲೆ ಅದೇ ಕೈಯಿಂದ ತುಟಿ ಮುಚ್ಚಿಕೊಂಡರು.

ರಾತ್ರಿ ಹೊರಗೆ ಯಾರದೋ ಗಾಡಿ ಹಿಮ ಗೋರುತ್ತಿದೆ,
ಗೋರಿದ ಹಿಂದೆಯೇ ಬೀಳುತ್ತಿದೆ.
ಏಳನೆಯ ನಮೂನೆಯಲ್ಲಿ ದಿನಾಂಕ ಮಾತ್ರ ಬರೆದಿದ್ದೇನೆ.
ಮೂರನೆಯ ಪೊಟ್ಟಣವನ್ನೇ ಮೊದಲು ಬಿಚ್ಚಿ
ಒಂದು ಬಿಲ್ಲೆ ತಿಂದೆ.
ನಿಜ, ಉಪ್ಪು ಮುಂದು.
ಎದ್ದು ನೀರು ಕುಡಿದೆ.