ಎಫ್‌ಓಬಿ ಜಿನೋವಾ

ಕಿಲಿಂದಿನಿ ಬಂದರಿನ ಶೆಡ್ಡಿನಲ್ಲಿ
ಪೆಟ್ಟಿಗೆಯ ಮೊಳೆ ಕಿತ್ತಾಗ
ಬೀಬಿ ಮ್ವಾನಕೊಂಬೊ ಏನೂ ಅನ್ನಲಿಲ್ಲ.
ರೊಟ್ಟಿಯ ಒಲೆಯ ಎಡಗೆನ್ನೆ ಒಳಕ್ಕೆ ಹೋಗಿತ್ತು,
ದವಡೆಹಲ್ಲು ಕೀಳಿಸಿಕೊಂಡು ಬಂದವರ ಹಾಗೆ.
ಬಾಗಿಲು ಹಾಕಿ ನೋಡಿದಳು, ತೆಗೆದಳು, ಮತ್ತೆ ಹಾಕಿದಳು.
ಕೂರಲಿಲ್ಲ.

ಕಾಗದ ಓದುವುದು ನನ್ನ ಕಸುಬು.
ಎಫ್‌ಓಬಿ ಜಿನೋವಾ ಎಂದಿದೆ, ಬೀಬಿ.
ಅಲ್ಲಿನ ಕ್ರೇನು ಇದನ್ನೆತ್ತಿ
ಹಡಗಿನೊಳಗೆ ಇಳಿಸಿದ ಗಳಿಗೆಯಿಂದ
ಬಿದ್ದ ಪೆಟ್ಟೆಲ್ಲ ನಿಮ್ಮ ಲೆಕ್ಕಕ್ಕೆ.

‘ನಾನಾಗ ಏನು ಮಾಡುತ್ತಿದ್ದೆ?’
ತಾರೀಕು ನೋಡಿದೆ. ಮಂಗಳವಾರ, ಮಧ್ಯಾಹ್ನ.
‘ಹಿಟ್ಟು ನಾದುತ್ತಿದ್ದೆ. ಗೊತ್ತೇ ಆಗಲಿಲ್ಲ ನೋಡು.’

ನನಗೆ ಕೆಲಸ ಕಲಿಸಿದ ಮುದುಕ ಶೀ ಅಥ್ಮಾನಿ ಹೇಳುತ್ತಿದ್ದ:
ಹಿಂದೆಲ್ಲ ಹಡಗಿನ ಕಟಾಂಜನವೇ ಗಡಿ.
ಹಗ್ಗ ಹರಿದರೆ
ಯಾವ ಕಡೆ ಬಿತ್ತೆಂದು ಮೊದಲು ನೋಡು,
ಯಾರ ಕಾಲ ಮೇಲೆಂದು ಆಮೇಲೆ.

ಒಡೆತನ ಬೇರೆ, ಬೀಬಿ.
ಅದು ಮೂರು ಪ್ರತಿಯ ಕಾಗದವಾಗಿ
ಬ್ಯಾಂಕಿನ ಡ್ರಾಯರಿನಲ್ಲಿ ಮಲಗಿತ್ತು,
ನಿಮ್ಮ ಕೊನೆಯ ಕಂತು ಬರುವ ತನಕ.

‘ಅಂದರೆ ಮೂವತ್ತೊಂದು ದಿನ
ಒಲೆ ನನ್ನದಲ್ಲ, ಅದರ ಏಟು ನನ್ನದು.’
ಹೌದು.
‘ಒಳ್ಳೆಯ ಸಂಬಂಧವೇ ಕುದುರಿಸಿದ್ದೀ.’

ಸಿಐಎಫ್ ಎಂದಿದ್ದರೆ ವಿಮೆ ಅವನೇ ಇಳಿಸುತ್ತಿದ್ದ,
ದುಡ್ಡು ಉಳಿಯಲೆಂದು ಬೇಡವೆಂದವರು ನೀವು,
ಎನ್ನಬೇಕೆಂದಿದ್ದೆ. ಅನ್ನಲಿಲ್ಲ.
ಸುಂಕದವನ ಚೀಟಿ ಮುಂದಿಟ್ಟೆ.

ಒಲೆಯ ಬೆಲೆ. ಅದರ ಮೇಲೆ ಹಡಗಿನ ಬಾಡಿಗೆ.
ಅದರ ಮೇಲೆ, ಮಾಡಿಸದ ವಿಮೆಗೂ ಒಂದು ಅಂದಾಜು.
ಎಲ್ಲ ಕೂಡಿಸಿ ಅಷ್ಟರ ಮೇಲೆ ಸುಂಕ.

‘ಸಮುದ್ರಕ್ಕೂ ಸುಂಕವೇ?’
ದಾರಿಗೆ, ಬೀಬಿ.
‘ಗುದ್ದಿದ ಅಲೆಗೆ?’
ಅದು ಬಾಡಿಗೆಯೊಳಗೇ ಬಂತು.

ನಕ್ಕಳು. ಶೆಡ್ಡಿನ ಕೂಲಿಗಳು ತಿರುಗಿ ನೋಡುವಷ್ಟು.
ಆಮೇಲೆ ಚೀಲ ಬಿಚ್ಚಿ
ಹಿಟ್ಟು ಮೆತ್ತಿದ ನೋಟುಗಳನ್ನು
ಒಂದೊಂದಾಗಿ ಕೊಡವಿ ಎಣಿಸಿದಳು.
ಎಣಿಕೆ ಎರಡು ಸಲ ತಪ್ಪಿತು.

ತಿಂಗಳಾದ ಮೇಲೆ ಹಳೇಪೇಟೆಯಲ್ಲಿ ಅವಳ ಅಂಗಡಿಗೆ ಹೋದೆ.
ತಗಡಿನವನು ಗೆನ್ನೆಯನ್ನು ಒಳಗಿನಿಂದ ಬಡಿದು
ಸುಮಾರಾಗಿ ಸರಿಮಾಡಿದ್ದ. ಬಾಗಿಲಿಗೆ ತಂತಿ.
ಎಡಗಡೆಯ ರೊಟ್ಟಿಗಳೆಲ್ಲ ಕರಿಕು.
ಅಂಥದ್ದೊಂದನ್ನೇ ಆರಿಸಿ
ಗಲ್ಲೆಯ ಹಲಗೆಯಾಚೆಗೆ ಚಾಚಿದಳು. ಹಿಡಿದುಕೊಂಡೆ.
ಅವಳು ಬಿಡಲಿಲ್ಲ.

‘ಈಗ ಯಾರದು?’ ಎಂದಳು.

ಹಲಗೆಗೆ ಸರಿಯಾಗಿ ಮೇಲೆ
ಹಬೆಯಾಡುತ್ತಿತ್ತು ರೊಟ್ಟಿ.
ನನ್ನ ಬೆರಳು ಸುಡುತ್ತಿತ್ತು,
ಅವಳದ್ದೂ ಇರಬೇಕು.