ಮುಳುಗುವವನ ಪಾತ್ರ

ಈಜುಕೊಳಕ್ಕೆ ತಗಡಿನ ಚಾವಣಿ. ಗಲೀಸಿಯದ ಗಾಳಿ ಅದನ್ನು
ಖಾಲಿ ಮೀನಿನ ಡಬ್ಬಿಯಂತೆ ಹಿಡಿದು ಅಲುಗಿಸುತ್ತದೆ.
ನಾವು ಒಂಬತ್ತು ಮಂದಿ, ಕಿತ್ತಳೆ ಉಡುಪಿನೊಳಗೆ
ನಡುಗುತ್ತ ಕಾಯುತ್ತೇವೆ ಓದಿಲೊನನ್ನು.

ಐವತ್ತೆಂಟರ ಆಸಾಮಿ. ಎಡಗೈಯಲ್ಲಿ ಮೂರೇ ಬೆರಳು,
ಉಳಿದೆರಡನ್ನು ಹೆಲಿಕಾಪ್ಟರಿನ ಉಕ್ಕಿನ ಹಗ್ಗ ಇಟ್ಟುಕೊಂಡಿತಂತೆ.
ಜೇಬಿನ ತುಂಬ ಸುಟ್ಟ ಚೆಸ್ಟ್‌ನಟ್, ಯಾರಿಗೂ ಕೊಡುವುದಿಲ್ಲ.
ಪಾಠ ಗೀಠ ಇಲ್ಲ. ಬೂಟು ಕಳಚಿ, ಸ್ವೆಟರ್ ಸಮೇತ
ಕೊಳಕ್ಕೆ ಬಿದ್ದು
ಮುಳುಗತೊಡಗುತ್ತಾನೆ.

'ಬಾ ಸಬೇಲ, ಉಳಿಸು.'

ಹೋದೆ. ಕೂಗಲಿಲ್ಲ ಅವನು, ಕೈ ಬೀಸಲಿಲ್ಲ.
ಮುಳುಗುವವನ ಬಾಯಿಗೆ ಮಾತಿಗೆ ಪುರುಸೊತ್ತಿಲ್ಲ.
ಹತ್ತಿರವಾದೆನೋ ಇಲ್ಲವೋ
ಏಣಿ ಹತ್ತಿದ ಹಾಗೆ ನನ್ನನ್ನು ಹತ್ತಿದ:
ತೊಡೆಯ ಮೇಲೊಂದು ಪಾದ, ಹೆಗಲ ಮೇಲೊಂದು ಮಂಡಿ,
ಎಡ ಮೊಣಕೈ ಕೊರಳ ಸುತ್ತ,
ಬಲಗೈ ಕೂದಲಲ್ಲಿ ಬೇರು ಹುಡುಕುತ್ತ.
ಮೂಗಿನಲ್ಲಿ ಕ್ಲೋರಿನ್, ಕಿವಿಯಲ್ಲಿ ನನ್ನದೇ ಎದೆ.

ದಡದಲ್ಲಿ ಕೆಮ್ಮುತ್ತ ಬಿದ್ದಿದ್ದಾಗ ಹೇಳಿದ:
'ಮುಳುಗುವವನಿಗೆ ನೀನು ಹುಲ್ಲುಕಡ್ಡಿ.
ಅವನಿಗೆ ಬೇಕಾದ್ದು ನೀನಲ್ಲ ಹುಡುಗಿ, ಮೇಲು.
ಗದ್ದ ಒಳಗೆಳೆದುಕೋ, ಅವನನ್ನೂ ಕರೆದುಕೊಂಡು
ಕೆಳಗೆ ಹೋಗು. ತಾನೇ ಬಿಡುತ್ತಾನೆ.
ಆಮೇಲೆ ಬೆನ್ನಿನಿಂದ ಬಾ.'

ಕೈಬಿಡು ಎನ್ನುವುದು ಬೈಗುಳ, ನಮ್ಮಮ್ಮನ ಬಾಯಲ್ಲಿ.
ಇಲ್ಲಿ ಅದೊಂದು ಪಟ್ಟು.
ಹತ್ತು ವಾರ ಕಲಿತೆ. ನಾಲ್ಕನೆಯದರಲ್ಲೇ ಬ್ರೈಸ್
'ಮುದುಕನಿಗೆ ಹುಚ್ಚು' ಎಂದು ತೋರಿಸಿದ ಕುತ್ತಿಗೆಯ ಗೀರು,
ಅಪ್ಪನ ಮಸ್ಸೆಲ್ ತೆಪ್ಪಗಳಿಗೆ ಹಿಂತಿರುಗಿದ.
ನಾನೂ ಒಂದು ಸಂಜೆ ಬಸ್ ನಿಲ್ದಾಣದವರೆಗೆ ಹೋಗಿದ್ದೆ.
ಬಸ್ಸು ತಡವಾಯಿತು, ಅಷ್ಟೇ.

ಡಿಸೆಂಬರ್. ವಿಲಾನ್ ಭೂಶಿರದ ಆಚೆ ಒಂದು ಮೀನುಹಡಗು
ಮಗ್ಗುಲಾಗಿ ಮಲಗಿತ್ತು. ನಮ್ಮ ಅಜ್ಜಂದಿರು ಈ ತೀರಕ್ಕೆ
ಸಾವಿನ ಹೆಸರಿಟ್ಟದ್ದು ಕವಿತೆಗಲ್ಲ.
ದೀಪದ ವರ್ತುಲದೊಳಗೆ ಹಗ್ಗ ನನ್ನನ್ನು ಇಳಿಸಿತು.
ಏಳು ಮೀಟರಿನ ಅಲೆ. ಡೀಸೆಲ್ ವಾಸನೆ. ಒಂದು ತಲೆ.

ಅವನು ಕೂಗಲಿಲ್ಲ.
ತೊಡೆಯ ಮೇಲೊಂದು ಪಾದ. ಹೆಗಲ ಮೇಲೊಂದು ಮಂಡಿ.
ಎಡ ಮೊಣಕೈ ಬರುವ ಮೊದಲೇ ನನಗೆ ಗೊತ್ತಿತ್ತು
ಎಲ್ಲಿಗೆ ಬರುತ್ತದೆಂದು.
ಗದ್ದ ಎಳೆದುಕೊಂಡೆ. ಇಬ್ಬರೂ ಕೆಳಗೆ ಹೋದೆವು,
ಸದ್ದಿಲ್ಲದ ಕಡೆಗೆ,
ಅಲ್ಲಿ, ಕಪ್ಪಿನ ನಡುವೆ, ಒಂದು ಪ್ರಶ್ನೆ ನನ್ನ ಜೊತೆ ಇಳಿಯಿತು:
ಹತ್ತು ವಾರ ನನ್ನ ಕೊರಳಿಗೆ ಬಿದ್ದ ಆ ಕೈ
ಓದಿಲೊನಿಗೆ ಯಾರು ಕೊಟ್ಟದ್ದು?
ಇಷ್ಟು ಕರಾರುವಾಕ್ಕಾಗಿ,
ಕೂದಲಲ್ಲಿ ಬೇರು ಹುಡುಕುವ ಬೆರಳಿನ ಸಮೇತ,
ಯಾರನ್ನು ಅವನು ಇಷ್ಟು ವರ್ಷ
ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ?

ಅವನು ಬಿಟ್ಟ. ನಾನು ಬೆನ್ನಿನಿಂದ ಬಂದೆ.

ಬೆಳಿಗ್ಗೆ ಬಂದರಿನ ಕಾಫಿ ಅಂಗಡಿ. ಕಿಟಕಿಯ ಬಳಿ ಮುದುಕಿಯೊಬ್ಬಳು
ಮರದ ಗೂಟಗಳನ್ನು ಟಕಟಕ ಎನ್ನಿಸುತ್ತ ಲೇಸು ಹೆಣೆಯುತ್ತಿದ್ದಾಳೆ.
ಓದಿಲೊ ಚೆಸ್ಟ್‌ನಟ್ ಸುಲಿಯುತ್ತಿದ್ದಾನೆ. ಭೇಷ್ ಎನ್ನಲಿಲ್ಲ.

'ಎಷ್ಟು ಜನ?'
'ಇಬ್ಬರು. ಮೂರನೆಯವನನ್ನು ಅಲೆ...'
'ಸರಿ. ಮೇಲೆ ಬಂದವನ ಹೆಸರು ಕೇಳಿದೆಯಾ?'
'ವಾಸ್ಕಿತೊ. ಜಾವಾದವನು. ಹಿಮಗಡ್ಡೆ ಒಡೆಯುವ ಕೆಲಸ.'

ಎರಡು ಸಲ ಹೇಳಿಕೊಂಡ ಆ ಹೆಸರನ್ನು, ಎರಡು ಸಲವೂ ತಪ್ಪಾಗಿ.
'ನಾನು ಕೇಳಿರಲಿಲ್ಲ,' ಎಂದ.
ಯಾವಾಗ ಎನ್ನಲಿಲ್ಲ ಅವನು. ನಾನೂ ಕೇಳಲಿಲ್ಲ.

ಬೂದಿ ಹತ್ತಿದ ಮೂರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ.
'ಹತ್ತು ಗಂಟೆಗೆ ಹೊಸ ತಂಡ ಬರುತ್ತದೆ.
ಇವತ್ತು ನೀನು ಮುಳುಗು.
ನನಗೆ ಮಂಡಿನೋವು.'