ಕೂದಲೆಳೆಯಷ್ಟು

ಏರಿನಲ್ಲಿ ಮಾತ್ರ ಅಳುತ್ತಿತ್ತು ನಮ್ಮ ಮುದಿ ಫಿಯಟ್ಟು.
ಮಸ್ಸಾವಾ ಬಂದರಿನ ಸಿಮೆಂಟು ಹೊತ್ತು
ಗಿಂಡಾ ದಾಟಿದ್ದೇ ತಡ, ಹಿಂದಿನ ಆಕ್ಸಲಿನೊಳಗೆ
ಯಾರೋ ಹಲ್ಲು ಕಚ್ಚಿಕೊಂಡು ರಾಗ ಎಳೆದ ಹಾಗೆ.
ಇಳಿಜಾರಿನಲ್ಲಿ ಗಪ್‌ಚಿಪ್.
‘ಹುಟ್ಟುಗುಣ, ಸುಟ್ಟರೂ ಹೋಗದು’ ಎನ್ನುತ್ತಿದ್ದ
ಹಬ್ತೆಜಿಯೋನ್, ಸ್ಟಿಯರಿಂಗಿಗೆ ಎದೆ ಆನಿಸಿ.
ನಾನು ಕ್ಲೀನರ್ ತೆಕ್ಲಿಟ್, ಹದಿನಾರು ವರ್ಷ,
ಲಾರಿ ನಿಂತಲ್ಲಿ ಜಿಗಿದು ಚಕ್ರಕ್ಕೆ ಕಲ್ಲು ಕೊಡುವವನು.

ನೆಫಾಸಿತ್ ಮೇಲೆ, ಮಂಜು ಶುರುವಾಗುವಲ್ಲಿ,
ಟಕ್ ಅಂತು. ಆಮೇಲೆ ಕಟಕಟ.
ಆಮೇಲೆ ಎಂಜಿನ್ ಓಡುತ್ತಲೇ ಇದೆ,
ಲಾರಿ ಮೆಲ್ಲಗೆ ಹಿಂದಕ್ಕೆ ಬರುತ್ತಿದೆ.
ಕಲ್ಲು ಕೊಟ್ಟೆ. ಎರಡು ಕೊಟ್ಟೆ.
ಕೆಳಗೆ ತೂರಿ ನೋಡಿದರೆ
ಶಾಫ್ಟು ಗರಗರ ತಿರುಗುತ್ತಿದೆ, ಚಕ್ರಕ್ಕೆ ಸುದ್ದಿಯೇ ಇಲ್ಲ.
ಕಟ್ಟೆಯ ಮೇಲೆ ಕೂತ ಕೋತಿ ನಮ್ಮನ್ನೇ ನೋಡುತ್ತಿತ್ತು.

ಇನ್ನೊಂದು ಲಾರಿಗೆ ಸರಪಳಿ ಕಟ್ಟಿ ಅಸ್ಮಾರಾ ಮುಟ್ಟಿಸಿದೆವು.
ಮೆದೆಬರ್ ಸಂತೆ: ಡ್ರಮ್ಮು ಒಡೆದು ಒಲೆ ಮಾಡುವವರು,
ಟೈರು ಸೀಳಿ ಚಪ್ಪಲಿ ಕೊಯ್ಯುವವರು,
ಮೆಣಸಿನಪುಡಿಯ ಗಿರಣಿ; ಊರಿಗೆ ಊರೇ ಸೀನುತ್ತದೆ.
ಅಲ್ಲಿ ಮೂಲೆಯಲ್ಲಿ ಒಕ್ಬಾಮಿಕಾಯೆಲ್.
ಎಪ್ಪತ್ತು ದಾಟಿದ ಮಿಸ್ತ್ರಿ. ಲಾರಿಯ ಜೊತೆ ಇಟಾಲಿಯನ್,
ಮನುಷ್ಯರ ಜೊತೆ ತಿಗ್ರಿನ್ಯಾ, ಅದೂ ಕಮ್ಮಿ.

ಶಾಫ್ಟು ಬಿಚ್ಚಿ ನನ್ನ ಹೆಗಲಿಗೆ ಇಳಿಸಿದ.
ಜಾಯಿಂಟಿನ ಕ್ರಾಸು ಕಳಚಿದರೆ, ಸೂಜಿ ಬೇರಿಂಗೆಲ್ಲ ಪುಡಿ,
ಅಂಗೈ ತುಂಬ ತುಕ್ಕಿನ ಗಸಗಸೆ.
ಎರಡೂ ಕಡೆಯಿಂದ ಆಕ್ಸಲ್ ಎಳೆದ,
ಒರೆಯಿಂದ ಕತ್ತಿ ಹಿರಿದ ಹಾಗೆ.
ಹೊಟ್ಟೆ ತೆರೆದರೆ ಕಾಫಿ ಗಸಿಯಂಥ ಎಣ್ಣೆ,
ಅದರೊಳಗೆ ಮಿಣಮಿಣ ಉಕ್ಕು.
ಪಿನಿಯನ್ನಿಗೆ ಹಲ್ಲೇ ಇರಲಿಲ್ಲ.
ಕ್ರೌನಿನ ಹಲ್ಲು ತಿರುವಿ ತಿರುವಿ ನೋಡಿದ:
ಸವೆದ ಹೊಳಪೆಲ್ಲ ಬುಡದಲ್ಲೇ, ನಡುವೆ ಮುಟ್ಟಿಯೇ ಇಲ್ಲ.
‘ಯಾವನೋ ಪಿನಿಯನ್ನನ್ನ ಜಾಸ್ತಿ ಒಳಗೆ ನೂಕಿದ್ದಾನೆ,’ ಎಂದ,
‘ಒಂದು ಕೂದಲೆಳೆಯಷ್ಟು. ಕತ್ತೆ.’

ಬೇರಿಂಗಿನ ಹಿಂದೆ ಸಿಕ್ಕಿತು ಶಿಮ್ಮು.
ಟೊಮೆಟೊ ಡಬ್ಬಿಯ ತಗಡಿನ ಬಳೆ,
ಅಂಚಿನಲ್ಲಿ ಇಲಿ ಕಚ್ಚಿದಂಥ ಒಂದು ಗುರುತು.
ದೀಪಕ್ಕೆ ಹಿಡಿದ. ಬಹಳ ಹೊತ್ತು ಹಿಡಿದ.
ಬೆಳಿಗ್ಗೆ ಬೇರೆ ಲಾರಿಗೆಂದು ಅವನೇ ಕತ್ತರಿಸಿಟ್ಟ ಶಿಮ್ಮು
ಬೆಂಚಿನ ಮೇಲೆ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.
ಅಂಚಿನಲ್ಲಿ ಅದೇ ಇಲಿ.
ನಾನು ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ.
ಹಳೆಯದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಗುಜರಿಯಲ್ಲಿ ಸಿಕ್ಕಿದ್ದು ಒಂದು ನಂಬರಿನ ಕ್ರೌನು,
ಇನ್ನೊಂದು ನಂಬರಿನ ಪಿನಿಯನ್ನು.
ಜಾತಕ ಕೂಡದ ಜೋಡಿ.
ಕಾಫಿ ಮಾರುವ ಅಬ್ರೆಹೆತ್ ಕೊಟ್ಟ ಕಾಡಿಗೆಯನ್ನು
ಬೆಣ್ಣೆಯಲ್ಲಿ ಕಲಸಿ ಹಲ್ಲಿಗೆ ಬಳಿದ,
ತಿರುಗಿಸಿದ, ಕಪ್ಪು ಎಲ್ಲಿ ಅಂಟಿತು ನೋಡಿದ,
ಬಿಚ್ಚಿದ, ತಗಡನ್ನು ಕಲ್ಲಿಗೆ ಉಜ್ಜಿದ, ಮತ್ತೆ ಕೂಡಿಸಿದ.
ಆರು ಸಲ. ಎರಡು ದಿನ.
ಆರನೆಯ ಸಲ ಕಪ್ಪು ಹಲ್ಲಿನ ನಟ್ಟನಡುವೆ ಕೂತಿತು,
ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟಿನ ಹಾಗೆ.
ಆಗ ಮುದುಕ ನೆಲದ ಮೇಲೆ ಕೂತುಬಿಟ್ಟ.

ದುಡ್ಡು ಮುಟ್ಟಲಿಲ್ಲ. ‘ಕಾಡಿಗೆ ಖರ್ಚಾಯಿತಲ್ಲ,
ಅವಳಿಗೆ ಕೊಡು’ ಅಂದ.
‘ಮುದುಕನಿಗೆ ತಲೆ ಕೆಟ್ಟಿದೆ’ ಎಂದು ಹಬ್ತೆಜಿಯೋನ್
ದಾರಿಯುದ್ದಕ್ಕೂ ನಕ್ಕ. ನಾನು ಬಾಯಿ ಬಿಡಲಿಲ್ಲ.
ಈಗ ಇಬ್ಬರೂ ಇಲ್ಲ, ಲಾರಿಯೂ ಇಲ್ಲ.

ಮುಂದಿನ ಬುಧವಾರ, ಮತ್ತೆ ಸಿಮೆಂಟು, ಮತ್ತೆ ಏರು.
ತಿರುವಿನಲ್ಲಿ ಹೊರಗಿನ ಚಕ್ರ ದಾಪುಗಾಲು ಹಾಕಿತು,
ಒಳಗಿನದು ತಡೆದು ನಿಂತಂತೆ ನಡೆಯಿತು,
ಸದ್ದಿಲ್ಲ.
ಹಬ್ತೆಜಿಯೋನ್ ಲಾರಿ ನಿಲ್ಲಿಸಿದ. ‘ನೋಡು.’
ಇಳಿದು ನೋಡಿದೆ. ಎಲ್ಲ ಸರಿ ಇತ್ತು.
ಮತ್ತೆ ನಿಲ್ಲಿಸಿದ. ‘ಏನೂ ಕೇಳಿಸುತ್ತಿಲ್ಲವಲ್ಲೋ.’
ಹಣೆಯ ಮೇಲೆ ಬೆವರು, ಆ ಚಳಿಯಲ್ಲಿ.
ಮೂರನೆಯ ತಿರುವಿಗೆ, ಗೇರು ಇಳಿಸುತ್ತ,
ಅವನೇ ಹಲ್ಲು ಕಚ್ಚಿಕೊಂಡು
ಅದೇ ರಾಗ ಎಳೆಯತೊಡಗಿದ.